ಸತ್ತವಳ ಮನೆಗೆ ಬಂದವಳು

ಹಳೆಯ ಸಿನಿಮಾವನ್ನು ಮತ್ತೆ ಮಾಡಹೊರಡುವವರಿಗೆ ಒಂದು ಆಸೆ ಇದ್ದೇ ಇರುತ್ತದೆ. ಅಂದು ಹೇಳಲಾಗದೆ ಬಿಟ್ಟದ್ದನ್ನು ಇಂದು ಹೇಳಿಬಿಡಬಹುದು ಎಂಬ ಆಸೆ. ‘ರೆಬೆಕಾ’ದ ಮಟ್ಟಿಗೆ ಅದಕ್ಕೆ ಗಟ್ಟಿ ಕಾರಣವೂ ಇತ್ತು. 1940ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಡಾಫ್ನಿ ಡು ಮೊರಿಯೆಯ ಈ ಕಾದಂಬರಿಯನ್ನು ತೆರೆಗೆ ತಂದಾಗ, ಕಥೆಯ ನಡುಗಂಬದಂತಿದ್ದ ಘಟನೆಯನ್ನೇ ಬದಲಿಸಬೇಕಾಗಿ ಬಂತು. ಎಂಬತ್ತು ವರ್ಷಗಳ ನಂತರ, 2020ರ ಅಕ್ಟೋಬರ್ 21ರಂದು ಬೆನ್ ವೀಟ್ಲಿ ನಿರ್ದೇಶನದ ‘ರೆಬೆಕಾ’ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದಾಗ ಅಂಥ ಕಟ್ಟುಪಾಡು ಯಾವುದೂ ಇರಲಿಲ್ಲ. ವೀಟ್ಲಿ ಆ ಘಟನೆಯನ್ನು ಕಾದಂಬರಿಯಲ್ಲಿ ಇದ್ದಂತೆಯೇ ಮರಳಿ ತಂದರು. ಆದರೂ ಎರಡೂ ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿದರೆ, ಕಾದಂಬರಿಯ ಜೀವಕ್ಕೆ ಹತ್ತಿರ ನಿಲ್ಲುವುದು ಕೈ ಕಟ್ಟಿಸಿಕೊಂಡು ತೆಗೆದ ಆ ಕಪ್ಪುಬಿಳುಪು ಚಿತ್ರವೇ. ಹೀಗೇಕಾಯಿತು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ.

ಕಥೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಮಾಂಟೆ ಕಾರ್ಲೊದ ಹೋಟೆಲಿನಲ್ಲಿ ಶ್ರೀಮಂತ ಅಮೆರಿಕನ್ ಹೆಂಗಸೊಬ್ಬಳ ಜೊತೆಗಿದ್ದು, ಅವಳ ಬೇಕುಬೇಡ ನೋಡಿಕೊಂಡು ಸಂಬಳ ಪಡೆಯುವ ಒಬ್ಬ ಅನಾಥ ಹುಡುಗಿ ಇದ್ದಾಳೆ. ಅಲ್ಲಿಗೆ ಮ್ಯಾಕ್ಸಿಮ್ ಡಿ ವಿಂಟರ್ ಎಂಬ ಇಂಗ್ಲಿಷ್ ಜಮೀನುದಾರ ಬರುತ್ತಾನೆ. ಅವನ ಹೆಂಡತಿ ರೆಬೆಕಾ ದೋಣಿ ಮುಳುಗಿ ತೀರಿಕೊಂಡು ವರ್ಷವೂ ತುಂಬಿಲ್ಲ. ಕೆಲವೇ ದಿನಗಳ ಪರಿಚಯದಲ್ಲಿ ಅವನು ಈ ಹುಡುಗಿಯನ್ನು ಮದುವೆಯಾಗಿ, ಸಮುದ್ರದ ಅಂಚಿನಲ್ಲಿರುವ ಮ್ಯಾಂಡರ್ಲಿ ಎಂಬ ತನ್ನ ದೊಡ್ಡ ಬಂಗಲೆಗೆ ಕರೆತರುತ್ತಾನೆ. ಅಲ್ಲಿ ಕಾಗದ ಬರೆಯುವ ಮೇಜು, ಹೂದಾನಿ, ಊಟಕ್ಕೆ ಏನು ಮಾಡಬೇಕೆಂಬ ಪಟ್ಟಿ, ಕರವಸ್ತ್ರದ ಮೂಲೆಯ ಕಸೂತಿ, ಎಲ್ಲವೂ ರೆಬೆಕಾಳವು. ಮನೆವಾರ್ತೆಯ ಮೇಲ್ವಿಚಾರಕಿ ಮಿಸೆಸ್ ಡ್ಯಾನ್ವರ್ಸ್ ಅಂತೂ ರೆಬೆಕಾಳನ್ನು ಎತ್ತಿ ಆಡಿಸಿದವಳು. ಹೊಸ ಯಜಮಾನಿಯನ್ನು ಅವಳು ಒಪ್ಪುವ ಮಾತೇ ಇಲ್ಲ. ಎರಡನೇ ಸಂಬಂಧಕ್ಕೆ ಹೋದ ಹೆಣ್ಣುಮಗಳು ನಡುಮನೆಯ ಗೋಡೆಯ ಮೇಲಿನ ಹಾರ ಹಾಕಿದ ಫೋಟೋದ ಕೆಳಗೆ ಬಳೆಯ ಸದ್ದೂ ಆಗದಂತೆ ಓಡಾಡುವುದನ್ನು ಕಂಡವರಿಗೆ ಇದಕ್ಕಿಂತ ಹೆಚ್ಚಿನ ಪೀಠಿಕೆ ಬೇಕಿಲ್ಲ.

ಕಥೆಯನ್ನು ಹೇಳುತ್ತಿರುವವಳು ಆ ಹುಡುಗಿಯೇ. ಅವಳ ಹೆಸರು ಮಾತ್ರ ಕಾದಂಬರಿಯ ಕೊನೆಯ ಪುಟದವರೆಗೂ ನಮಗೆ ತಿಳಿಯುವುದಿಲ್ಲ. ಚೆಂದದ, ಅಪರೂಪದ ಹೆಸರು ಎಂದು ಮ್ಯಾಕ್ಸಿಮ್ ಒಮ್ಮೆ ಹೇಳುತ್ತಾನೆ, ಅಷ್ಟೇ. ಸತ್ತವಳ ಹೆಸರು ಪುಸ್ತಕದ ಮೇಲೇ ಅಚ್ಚಾಗಿದೆ, ಬದುಕಿರುವವಳಿಗೆ ಹೆಸರಿಲ್ಲ.

ಡಾಫ್ನಿ ಡು ಮೊರಿಯೆ ಇದನ್ನು ಬರೆಯಲು ತೊಡಗಿದ್ದು 1937ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಗಂಡ ಬ್ರೌನಿಂಗ್ ಸೇನೆಯ ಅಧಿಕಾರಿ, ಅವರ ನೇಮಕ ಅಲ್ಲಿಗಾಗಿತ್ತು. ಡಾಫ್ನಿಗೆ ಅಲ್ಲಿನ ಸೆಖೆಯೂ ಹಿಡಿಸಲಿಲ್ಲ, ಅಧಿಕಾರಿಯ ಹೆಂಡತಿಯಾಗಿ ಔತಣಕೂಟಗಳಲ್ಲಿ ನಗುತ್ತ ನಿಲ್ಲುವುದೂ ಹಿಡಿಸಲಿಲ್ಲ. ಮನಸ್ಸೆಲ್ಲ ಕಾರ್ನ್‌ವಾಲ್‌ನ ಕಡಲತೀರದಲ್ಲಿತ್ತು, ಅಲ್ಲಿ ಕಾಡಿನ ನಡುವೆ ಪಾಳುಬಿದ್ದಂತಿದ್ದ ಮೆನಬಿಲಿ ಎಂಬ ಹಳೆಯ ಬಂಗಲೆಯ ಮೇಲಿತ್ತು. ಇನ್ನೊಂದು ಮುಳ್ಳೂ ಇತ್ತು. ಬ್ರೌನಿಂಗ್‌ಗೆ ಈ ಮೊದಲು ಜ್ಯಾನ್ ರಿಕಾರ್ಡೊ ಎಂಬ ಸುಂದರಿಯೊಂದಿಗೆ ಮದುವೆ ನಿಶ್ಚಯವಾಗಿ ಮುರಿದಿತ್ತು. ಆಕೆ ಬರೆದ ಕಾಗದಗಳು ಡಾಫ್ನಿಯ ಕಣ್ಣಿಗೆ ಬಿದ್ದಿದ್ದವು, ಅವುಗಳಲ್ಲಿದ್ದ ದಿಟ್ಟ ಕೈಬರಹವೂ ಮನಸ್ಸಿನಲ್ಲಿ ಕೂತಿತ್ತು. ಕಾದಂಬರಿಯಲ್ಲಿ ರೆಬೆಕಾ ತನ್ನ ಹೆಸರಿನ ಮೊದಲಕ್ಷರವನ್ನು ಮಿಕ್ಕೆಲ್ಲ ಅಕ್ಷರಗಳಿಗಿಂತ ಎತ್ತರವಾಗಿ, ಓರೆಯಾಗಿ ಬರೆಯುತ್ತಾಳೆ. ಆ ಒಂದು ಅಕ್ಷರ ಮುಂದೆ ಮನೆಯ ತುಂಬ ಹರಡಿಕೊಳ್ಳುತ್ತದೆ. ಪುಸ್ತಕ 1938ರಲ್ಲಿ ಲಂಡನ್ನಿನ ಗೊಲಾನ್ಸ್ ಪ್ರಕಾಶನದಿಂದ ಹೊರಬಂತು. ಪ್ರಕಾಶಕರು ಅದನ್ನು ಪ್ರೇಮಕಥೆಯೆಂದೇ ಮಾರಿದರು, ಓದುಗರೂ ಹಾಗೆಯೇ ಓದಿದರು. ಲೇಖಕಿಗೆ ಮಾತ್ರ ಅದು ಮತ್ಸರದ ಅಧ್ಯಯನವಾಗಿತ್ತು. ಜನ ಪ್ರೇಮಕಥೆ ಎಂದಾಗಲೆಲ್ಲ ಆಕೆಗೆ ಕಸಿವಿಸಿಯಾಗುತ್ತಿತ್ತು. ಎರಡೂ ಸಿನಿಮಾಗಳನ್ನು ಅಳೆಯಲು ನಾನು ಇಟ್ಟುಕೊಂಡ ಅಳತೆಗೋಲು ಆಕೆಯ ಈ ಮಾತೇ.

ಮತ್ಸರ ಎಂದೆನಲ್ಲ, ಅದರ ನೆತ್ತಿ ಯಾವುದು ಗೊತ್ತೇ? ಕಥೆ ಅರ್ಧ ದಾಟಿದ ಮೇಲೆ ಸಮುದ್ರದ ತಳದಲ್ಲಿ ರೆಬೆಕಾಳ ದೋಣಿ ಸಿಗುತ್ತದೆ, ಒಳಗೆ ಒಂದು ಶವ. ಆಗ ಮ್ಯಾಕ್ಸಿಮ್ ಹೆಂಡತಿಯ ಮುಂದೆ ಬಾಯಿ ಬಿಡುತ್ತಾನೆ: ರೆಬೆಕಾಳನ್ನು ಗುಂಡಿಕ್ಕಿ ಕೊಂದದ್ದು ತಾನೇ, ಶವವನ್ನು ದೋಣಿಯಲ್ಲಿಟ್ಟು ಮುಳುಗಿಸಿದ್ದೂ ತಾನೇ, ಅವಳನ್ನು ತಾನು ಯಾವತ್ತೂ ಪ್ರೀತಿಸಿರಲಿಲ್ಲ, ದ್ವೇಷಿಸುತ್ತಿದ್ದೆ. ಎದುರಿಗೆ ಕೂತವಳಿಗೆ ಆಗ ಏನನಿಸಬೇಕು? ತಾನು ಕೊಲೆಗಾರನ ಹೆಂಡತಿ ಎಂಬ ನಡುಕ ಹುಟ್ಟಬೇಕು. ಡು ಮೊರಿಯೆಯ ನಾಯಕಿಗೆ ಅನಿಸುವುದು ಬೇರೆ. ಇವನು ಅವಳನ್ನು ಪ್ರೀತಿಸಿರಲಿಲ್ಲ ಎಂಬ ಒಂದೇ ಮಾತು ಅವಳ ಕಿವಿಗೆ ಬೀಳುತ್ತದೆ. ಎದೆಯ ಮೇಲಿನ ಭಾರ ಇಳಿಯುತ್ತದೆ. ಅಂದಿನಿಂದ ಅವಳು ಮ್ಯಾಂಡರ್ಲಿಯ ನಿಜವಾದ ಯಜಮಾನಿ. ಆಳುಗಳಿಗೆ ದನಿಯೆತ್ತಿ ಹೇಳುತ್ತಾಳೆ, ಊಟದ ಪಟ್ಟಿಯನ್ನು ತಿದ್ದುತ್ತಾಳೆ, ಗಂಡನನ್ನು ಗಲ್ಲಿನಿಂದ ಉಳಿಸಲು ಸುಳ್ಳಿಗೆ ಜೊತೆ ನಿಲ್ಲುತ್ತಾಳೆ. ಓದುತ್ತಿರುವ ನಾವೂ ಅವಳ ಪಕ್ಷ ವಹಿಸಿ, ಆ ಕೊಲೆಗಾರ ಸಿಕ್ಕಿಬೀಳದಿರಲಿ ಎಂದು ಉಸಿರು ಬಿಗಿಹಿಡಿದು ಪುಟ ಮಗುಚುತ್ತಿರುತ್ತೇವೆ. ಗಾಥಿಕ್ ಕಾದಂಬರಿಗಳಲ್ಲಿ ದೆವ್ವ, ಪಾಳುಗೋಡೆ, ಬೀಗ ಹಾಕಿದ ಕೋಣೆ ಬೇಕಾದಷ್ಟಿವೆ. ಓದುಗರನ್ನೇ ಹೀಗೆ ತಪ್ಪಿನಲ್ಲಿ ಪಾಲುದಾರರನ್ನಾಗಿ ಮಾಡಿದ ಕಾದಂಬರಿಗಳು ತೀರಾ ವಿರಳ. 1847ರ ‘ಜೇನ್ ಏರ್’ನಿಂದ ಬಂದ ವಂಶವೃಕ್ಷದಲ್ಲಿ ‘ರೆಬೆಕಾ’ಕ್ಕೆ ಬೇರೆಯೇ ಸ್ಥಾನ ಸಿಗಬೇಕಾದದ್ದು ಇದಕ್ಕಾಗಿ.

1940ರ ಚಿತ್ರಕ್ಕೆ ಈ ಕೊಲೆಯನ್ನು ಇಟ್ಟುಕೊಳ್ಳಲು ಆಗಲಿಲ್ಲ. ಹಾಲಿವುಡ್ಡಿನ ಸ್ಟುಡಿಯೊಗಳು ತಮಗೆ ತಾವೇ ಹಾಕಿಕೊಂಡಿದ್ದ ನೀತಿಸಂಹಿತೆಯೊಂದು 1934ರಿಂದ ಬಿಗಿಯಾಗಿ ಜಾರಿಯಲ್ಲಿತ್ತು. ಜೋಸೆಫ್ ಬ್ರೀನ್ ಎಂಬವರ ಕಚೇರಿಯ ಒಪ್ಪಿಗೆಯಿಲ್ಲದೆ ಚಿತ್ರ ದೊಡ್ಡ ಥಿಯೇಟರುಗಳಿಗೆ ಹೋಗುವಂತಿರಲಿಲ್ಲ. ಆ ಸಂಹಿತೆಯ ಪ್ರಕಾರ ಕೊಲೆ ಮಾಡಿದವನು ಶಿಕ್ಷೆಯಿಲ್ಲದೆ ಉಳಿಯಬಾರದು. ಡ್ಯಾನ್ವರ್ಸ್‌ಗೆ ರೆಬೆಕಾಳ ಮೇಲೆ ಇದ್ದ ಮೋಹದ ಸುಳಿವಿಗೂ ಕಚೇರಿ ತಕರಾರು ತೆಗೆಯಿತು. ಕೊನೆಗೆ ಚಿತ್ರದಲ್ಲಿ ರೆಬೆಕಾ ಎಡವಿ ಬಿದ್ದು, ಅಲ್ಲಿದ್ದ ದೋಣಿಯ ಸಾಮಾನಿಗೆ ತಲೆ ಬಡಿದು ಸಾಯುತ್ತಾಳೆ. ಮ್ಯಾಕ್ಸಿಮ್‌ನ ತಪ್ಪು ಶವವನ್ನು ಮುಚ್ಚಿಟ್ಟದ್ದು ಮಾತ್ರ ಎಂದಾಯಿತು. ಇದು ಸಣ್ಣ ತಿದ್ದುಪಡಿಯಲ್ಲ. ಕಾದಂಬರಿ ಕೇಳಿದ ಕ್ರೂರ ಪ್ರಶ್ನೆಯ ನಾಲಗೆಯನ್ನೇ ಅದು ಕತ್ತರಿಸಿತು.

ಇದಕ್ಕೂ ಮೊದಲೇ ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ಮತ್ತು ಹಿಚ್‌ಕಾಕ್ ನಡುವೆ ಜಗ್ಗಾಟ ನಡೆದಿತ್ತು. ಸೆಲ್ಜ್ನಿಕ್ ಆಗಷ್ಟೇ ‘ಗಾನ್ ವಿತ್ ದಿ ವಿಂಡ್’ ಮುಗಿಸುತ್ತಿದ್ದರು, ಹಿಚ್‌ಕಾಕ್‌ಗೆ ಇದು ಅಮೆರಿಕದ ಮೊದಲ ಚಿತ್ರ. ಹಿಚ್‌ಕಾಕ್ ಒಪ್ಪಿಸಿದ ಮೊದಲ ಕಥಾಸಾರದಲ್ಲಿ, ಹಡಗಿನಲ್ಲಿ ಮ್ಯಾಕ್ಸಿಮ್ ಸೇದುವ ಚುಟ್ಟದ ಹೊಗೆಗೆ ಸುತ್ತಲಿನವರು ವಾಕರಿಸುವ ತಮಾಷೆಯ ದೃಶ್ಯವಿತ್ತಂತೆ. ಸೆಲ್ಜ್ನಿಕ್ ಕೆರಳಿ ಉದ್ದನೆಯ ಪತ್ರ ಬರೆದರು: ಲಕ್ಷಾಂತರ ಜನ ಓದಿ ಮೆಚ್ಚಿದ ಪುಸ್ತಕ ನಾನು ಕೊಂಡದ್ದು, ನನಗೆ ಆ ಪುಸ್ತಕವೇ ಬೇಕು. ನಿರ್ದೇಶಕನ ಸ್ವಾತಂತ್ರ್ಯವೇ ದೊಡ್ಡದು ಎಂದು ನಂಬುವ ನಾವು ಇಂಥ ಸಂದರ್ಭದಲ್ಲಿ ಹಿಚ್‌ಕಾಕ್ ಕಡೆಗೆ ವಾಲುತ್ತೇವೆ. ಇಲ್ಲಿ ಸೆಲ್ಜ್ನಿಕ್ ಹೇಳಿದ್ದೇ ಸರಿ. ಆ ನಾಯಕಿಯ ಮುಜುಗರ, ಅಳುಕು, ಸಣ್ಣ ಸಣ್ಣ ಅವಮಾನಗಳು, ಇವುಗಳಲ್ಲಿಯೇ ಪುಸ್ತಕದ ಶಕ್ತಿ ಇದೆ ಎಂದು ಆತ ಕಂಡುಕೊಂಡಿದ್ದರು. ಹಿಚ್‌ಕಾಕ್‌ಗೆ ಮುಂದೆಯೂ ಈ ಚಿತ್ರ ತನ್ನದೆನಿಸಲಿಲ್ಲ, ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ಟ್ರೂಫೊಗೆ ಕೊಟ್ಟ ಪ್ರಸಿದ್ಧ ಸಂದರ್ಶನದಲ್ಲಿ ಹಾಗೆಂದೇ ಹೇಳಿದ್ದಾರೆ. ಚಿತ್ರ ಹನ್ನೊಂದು ಆಸ್ಕರ್ ನಾಮನಿರ್ದೇಶನ ಪಡೆದು, ಶ್ರೇಷ್ಠ ಚಿತ್ರ ಮತ್ತು ಕಪ್ಪುಬಿಳುಪು ಛಾಯಾಗ್ರಹಣ, ಈ ಎರಡು ಪ್ರಶಸ್ತಿಗಳನ್ನು ಗೆದ್ದಿತು.

ಕೊಲೆಯನ್ನು ಕಳೆದುಕೊಂಡ ಹಿಚ್‌ಕಾಕ್ ಅದರ ಜಾಗದಲ್ಲಿ ಏನಿಟ್ಟರು ಎಂಬುದನ್ನು ಹತ್ತಿರದಿಂದ ನೋಡಬೇಕು. ಕಡಲತೀರದ ಗುಡಿಸಲು. ಗಂಡಹೆಂಡತಿ ಇಬ್ಬರೇ. ಮ್ಯಾಕ್ಸಿಮ್ ಆಗಿ ಲಾರೆನ್ಸ್ ಒಲಿವಿಯೆ ಆ ರಾತ್ರಿ ನಡೆದದ್ದನ್ನು ಹೇಳುತ್ತಾರೆ. ಬೇರೆ ಯಾರೇ ಆಗಿದ್ದರೂ ಇಲ್ಲಿ ಫ್ಲ್ಯಾಶ್‌ಬ್ಯಾಕ್ ಹಾಕಿ, ಒಬ್ಬ ಚೆಲುವೆಯನ್ನು ತಂದು ನಿಲ್ಲಿಸುತ್ತಿದ್ದರು. ಹಿಚ್‌ಕಾಕ್ ಕ್ಯಾಮೆರಾವನ್ನು ಖಾಲಿ ಸೋಫಾದ ಮೇಲೆ ಇಡುತ್ತಾರೆ. ಅಲ್ಲಿ ಸಿಗರೇಟಿನ ತುಂಡುಗಳಿರುವ ತಟ್ಟೆ ಇದೆ, ಮನುಷ್ಯರಿಲ್ಲ. ‘ಅವಳು ಎದ್ದಳು’ ಎಂಬರ್ಥದ ಮಾತು ಬರುತ್ತಿದ್ದಂತೆ ಕ್ಯಾಮೆರಾ ಮೇಲೇಳುತ್ತದೆ. ಅವಳು ನಡೆದುಬಂದಳು ಎಂದಾಗ ಕ್ಯಾಮೆರಾವೂ ನಡೆಯುತ್ತದೆ, ಖಾಲಿ ಗಾಳಿಯನ್ನು ಹಿಂಬಾಲಿಸಿ ಮ್ಯಾಕ್ಸಿಮ್ ನಿಂತ ಬಾಗಿಲಿನವರೆಗೆ ಬರುತ್ತದೆ. ಇಡೀ ಚಿತ್ರದಲ್ಲಿ ರೆಬೆಕಾಳ ಮುಖ ಇಲ್ಲ, ಫೋಟೋ ಕೂಡ ಇಲ್ಲ. ಆದರೂ ಈ ದೃಶ್ಯ ಮುಗಿದಾಗ ಅವಳು ಆ ಕೋಣೆಯಲ್ಲಿ ಇದ್ದು ಹೋದಳೆಂದೇ ಅನಿಸುತ್ತದೆ. ನನ್ನ ಮಟ್ಟಿಗೆ ಹಿಚ್‌ಕಾಕ್ ತೆಗೆದ ಅತ್ಯುತ್ತಮ ಮೂರು ನಿಮಿಷಗಳಲ್ಲಿ ಇದೂ ಒಂದು, ಅದು ‘ಸೈಕೋ’ದ ಸ್ನಾನದ ದೃಶ್ಯಕ್ಕಿಂತ ದೊಡ್ಡದು.

ಇನ್ನೊಂದು ದೃಶ್ಯ ಕಾದಂಬರಿಯಲ್ಲಿ ಇಲ್ಲದ್ದು. ಹೊಸ ದಂಪತಿ ತಮ್ಮ ಮಧುಚಂದ್ರದ ಚಿಕ್ಕ ಫಿಲ್ಮನ್ನು ಮನೆಯಲ್ಲಿ ಪ್ರೊಜೆಕ್ಟರ್ ಹಾಕಿಕೊಂಡು ನೋಡುತ್ತಿದ್ದಾರೆ. ಪರದೆಯ ಮೇಲೆ ಇಬ್ಬರೂ ನಗುತ್ತಿದ್ದಾರೆ. ನಡುವೆ ಫಿಲ್ಮ್ ತುಂಡಾಗುತ್ತದೆ. ಅಷ್ಟರಲ್ಲಿ ಬಟ್ಲರ್ ಬಂದು, ಒಡೆದುಹೋದ ಪಿಂಗಾಣಿ ಬೊಂಬೆಯೊಂದರ ವಿಚಾರ ಎತ್ತುತ್ತಾನೆ. ಅದನ್ನು ಕೈಜಾರಿ ಒಡೆದವಳು ನಾಯಕಿಯೇ. ಆಳುಗಳಿಗೆ ಹೆದರಿ ಚೂರುಗಳನ್ನು ಮೇಜಿನ ಖಾನೆಯೊಳಗೆ ಬಚ್ಚಿಟ್ಟಿದ್ದಾಳೆ. ತಾನೇ ಯಜಮಾನಿಯಾದ ಮನೆಯಲ್ಲಿ ತನ್ನದೇ ಬೊಂಬೆ ಒಡೆದು ಕಳ್ಳಿಯಂತೆ ಬಚ್ಚಿಡುವುದು! ವರ್ಗಭೇದದ ಬಗ್ಗೆ ಹತ್ತು ಪುಟದ ಪ್ರಬಂಧ ಬರೆದರೂ ಇಷ್ಟು ಹೇಳಲಾಗದು. ಮತ್ತೆ ಫಿಲ್ಮ್ ಓಡತೊಡಗಿದಾಗ ಅವಳು ಬಾಯಿತಪ್ಪಿ ಒಂದು ಮಾತಾಡುತ್ತಾಳೆ. ಮ್ಯಾಕ್ಸಿಮ್ ಎದ್ದು ಪ್ರೊಜೆಕ್ಟರ್ ಬೆಳಕಿಗೆ ಅಡ್ಡ ನಿಲ್ಲುತ್ತಾನೆ. ನಗುತ್ತಿದ್ದ ದಂಪತಿ ಅಳಿಸಿಹೋಗಿ, ಆ ಜಾಗದಲ್ಲಿ ಸಿಟ್ಟಿನ ಮುಖವೊಂದೇ ಉಳಿಯುತ್ತದೆ.

ನಾಯಕಿಯಾದ ಜೋನ್ ಫಾಂಟೇನ್ ಅವರ ಅಭಿನಯದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಹೆಗಲು ಮುಂದಕ್ಕೆ ಬಾಗಿಸಿ, ಕೈಬೆರಳು ಹಿಸುಕಿಕೊಳ್ಳುತ್ತ, ಎತ್ತರದ ಬಾಗಿಲುಗಳ ನಡುವೆ ಮನೆ ತಪ್ಪಿ ಬಂದ ಮಗುವಿನಂತೆ ಕಾಣುತ್ತಾರೆ. ಒಲಿವಿಯೆಗೆ ಆ ಪಾತ್ರಕ್ಕೆ ವಿವಿಯನ್ ಲೀ ಬೇಕಾಗಿತ್ತು, ಫಾಂಟೇನ್ ಜೊತೆ ಅವರು ಬಿಗಿದುಕೊಂಡೇ ಇದ್ದರು. ಸೆಟ್ಟಿನಲ್ಲಿ ಯಾರಿಗೂ ನಿನ್ನನ್ನು ಕಂಡರೆ ಆಗದು ಎಂದು ಹಿಚ್‌ಕಾಕ್ ಅವರ ಕಿವಿಯಲ್ಲಿ ಹೇಳುತ್ತ, ಆ ಅಳುಕನ್ನು ಪರದೆಗೆ ತಂದರೆಂದು ಫಾಂಟೇನ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಈ ಕ್ರೌರ್ಯವನ್ನು ಕಲೆಯ ಹೆಸರಿನಲ್ಲಿ ಒಪ್ಪಲು ನನ್ನಿಂದಾಗದು. ಎಳೆಯ ನಟಿಯೊಬ್ಬಳನ್ನು ಒಂಟಿ ಮಾಡಿದರಷ್ಟೇ ಒಂಟಿತನ ತೆರೆಗೆ ಬರುತ್ತದೆ ಎಂಬುದು ನಿರ್ದೇಶಕರ ಸೋಮಾರಿತನ.

ಇನ್ನು 2020ರ ಚಿತ್ರ. ವೀಟ್ಲಿಯವರಿಗೆ ಮ್ಯಾಂಡರ್ಲಿಯನ್ನು ಹಿಚ್‌ಕಾಕ್‌ನಂತೆ ಸ್ಟುಡಿಯೊದಲ್ಲಿ ಪುಟ್ಟ ಮಾದರಿ ಕಟ್ಟಿ ತೋರಿಸುವ ಅಗತ್ಯವಿರಲಿಲ್ಲ. ಡಾರ್ಸೆಟ್‌ನ ಕ್ರ್ಯಾನ್‌ಬೋರ್ನ್ ಮ್ಯಾನರ್, ಹರ್ಟ್‌ಫರ್ಡ್‌ಶೈರ್‌ನ ಹ್ಯಾಟ್‌ಫೀಲ್ಡ್ ಹೌಸ್ ಮೊದಲಾದ ನಿಜವಾದ ಬಂಗಲೆಗಳನ್ನು ಸೇರಿಸಿ ಒಂದು ಮನೆ ಮಾಡಿದ್ದಾರೆ. ಲಾರಿ ರೋಸ್ ಅವರ ಛಾಯಾಗ್ರಹಣದಲ್ಲಿ ಮೆಡಿಟರೇನಿಯನ್ ಬಿಸಿಲು ಕಣ್ಣು ಕೋರೈಸುತ್ತದೆ. ಮ್ಯಾಕ್ಸಿಮ್ ಆಗಿ ಆರ್ಮಿ ಹ್ಯಾಮರ್ ಸಾಸಿವೆ ಹಳದಿ ಸೂಟು ತೊಟ್ಟು ಬರುತ್ತಾರೆ, ನಾಯಕಿ ಲಿಲಿ ಜೇಮ್ಸ್ ಜೊತೆ ಕಾರು ಓಡಿಸುತ್ತಾರೆ, ಕಡಲ ಬದಿಯಲ್ಲಿ ಇಬ್ಬರೂ ಕೂಡುತ್ತಾರೆ. ಮೊದಲ ಅರ್ಧ ಗಂಟೆ ನೋಡಲು ಸೊಗಸಾಗಿದೆ, ಅದನ್ನು ಅಲ್ಲಗಳೆಯಲಾರೆ.

ತೊಂದರೆ ಇಲ್ಲಿಂದಲೇ ಶುರು. ಕಾದಂಬರಿಯಲ್ಲಿ, ಹಳೆಯ ಚಿತ್ರದಲ್ಲಿ, ಮ್ಯಾಕ್ಸಿಮ್ ಇವಳಿಗೆ ಅರ್ಥವಾಗದ ಮನುಷ್ಯ. ವಯಸ್ಸಿನಲ್ಲಿ ಎರಡರಷ್ಟು, ಒಮ್ಮೆ ಮೃದು, ಮರುಗಳಿಗೆಗೆ ಗದರಿಕೆ. ಮದುವೆಯ ಪ್ರಸ್ತಾಪವನ್ನೂ ಬೆಳಗಿನ ತಿಂಡಿಯ ನಡುವೆ ಅರ್ಧ ಸಿಡುಕಿನಲ್ಲೇ ಇಡುತ್ತಾನೆ. ಅವನು ತನ್ನನ್ನು ಪ್ರೀತಿಸುತ್ತಾನೋ, ಒಂಟಿತನ ನೀಗಿಸಲು ತಂದುಕೊಂಡನೋ ಎಂಬುದು ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಗೊತ್ತಿಲ್ಲದ ಜಾಗಕ್ಕೇ ರೆಬೆಕಾ ಬಂದು ಕೂರುವುದು. ಹೊಸ ಚಿತ್ರದಲ್ಲಿ ಇಬ್ಬರೂ ಹರೆಯದವರು, ಒಬ್ಬರನ್ನೊಬ್ಬರು ಬಯಸಿದ್ದನ್ನು ನಾವು ಕಣ್ಣಾರೆ ಕಂಡಾಗಿದೆ. ಇಷ್ಟೆಲ್ಲ ಪಡೆದವಳು ಸತ್ತವಳಿಗೆ ಯಾಕೆ ಹೆದರಬೇಕು? ಆ ಪ್ರಶ್ನೆಗೆ ಉತ್ತರ ಸಿಗದ್ದರಿಂದ ಹೆದರಿಕೆಯನ್ನು ಹೊರಗಿನಿಂದ ತರಬೇಕಾಗಿದೆ: ಮ್ಯಾಕ್ಸಿಮ್ ರಾತ್ರಿ ನಿದ್ದೆಯಲ್ಲಿ ನಡೆಯುತ್ತಾನೆ, ಕೆಟ್ಟ ಕನಸುಗಳು ಬೀಳುತ್ತವೆ, ಹಕ್ಕಿಗಳ ಹಿಂಡು ಆಕಾಶದಲ್ಲಿ ಸುರುಳಿ ಸುತ್ತುತ್ತದೆ. ಹಳೆಯ ಚಿತ್ರಕ್ಕೆ ಒಂದು ಪಿಂಗಾಣಿ ಬೊಂಬೆ ಸಾಕಾಗಿತ್ತು.

ಡ್ಯಾನ್ವರ್ಸ್ ವಿಷಯದಲ್ಲಿ ಮಾತ್ರ ಎರಡೂ ಚಿತ್ರಗಳು ಸಮಸಮ ಹೋರಾಡುತ್ತವೆ. ಜುಡಿತ್ ಆಂಡರ್ಸನ್ ನಡೆಯುವುದನ್ನು ಹಿಚ್‌ಕಾಕ್ ಬೇಕೆಂದೇ ತೋರಿಸುತ್ತಿರಲಿಲ್ಲ. ನಾಯಕಿ ತಿರುಗಿ ನೋಡುತ್ತಾಳೆ, ಅವಳು ಅಲ್ಲಿ ನಿಂತಿರುತ್ತಾಳೆ, ಅಷ್ಟೇ. ನಡೆದರೆ ಮನುಷ್ಯಳಾಗಿಬಿಡುತ್ತಾಳೆ ಎಂದು ಹಿಚ್‌ಕಾಕ್ ಟ್ರೂಫೊಗೆ ವಿವರಿಸಿದ್ದಾರೆ. ಪಶ್ಚಿಮ ದಿಕ್ಕಿನ ಮಲಗುವ ಕೋಣೆಯಲ್ಲಿ ರೆಬೆಕಾಳ ತುಪ್ಪಳದ ಕೋಟನ್ನು ನಾಯಕಿಯ ಕೆನ್ನೆಗೆ ಸವರುವುದು, ರಾತ್ರಿಯ ನಿಲುವಂಗಿಯ ಒಳಗೆ ತನ್ನ ಕೈ ಇಟ್ಟು ಅದೆಷ್ಟು ತೆಳು ನೋಡು ಎಂದು ತೋರಿಸುವುದು, ಬ್ರೀನ್ ಕಚೇರಿ ಎಷ್ಟೇ ತಕರಾರು ತೆಗೆದರೂ ಆ ದೃಶ್ಯದಲ್ಲಿ ಮೋಹ ತುಳುಕುತ್ತದೆ. ಕ್ರಿಸ್ಟಿನ್ ಸ್ಕಾಟ್ ಥಾಮಸ್ ಬೇರೆ ದಾರಿ ಹಿಡಿದಿದ್ದಾರೆ. ಅವರ ಡ್ಯಾನ್ವರ್ಸ್ ನಗುತ್ತಾಳೆ, ಹತ್ತಿರ ಬರುತ್ತಾಳೆ, ವಿಶ್ವಾಸ ಗಳಿಸಿ ಆಮೇಲೆ ಕತ್ತರಿಸುತ್ತಾಳೆ. ದುಃಖ ಅವಳ ಮುಖದಲ್ಲಿ ಮಡುಗಟ್ಟಿದೆ. ಬೇರೆಲ್ಲ ಸೊರಗಿದ ಹೊಸ ಚಿತ್ರದಲ್ಲಿ ಉಸಿರಾಡುವ ಪಾತ್ರ ಇದೊಂದೇ. ಕಿಟಕಿಯ ಬಳಿ ನಾಯಕಿಗೆ ಹಾರಿಬಿಡು ಎಂದು ಪಿಸುಗುಡುವಾಗ, ತಾನೇ ಹಾರಬೇಕೆಂದಿದ್ದವಳ ದನಿ ಅದು ಎನಿಸಿತು. ಚಿತ್ರದ ಕೊನೆಯಲ್ಲಿ ಅವಳು ಸಮುದ್ರಕ್ಕೆ ಹಾರುತ್ತಾಳೆ ಕೂಡ. ಹಳೆಯ ಚಿತ್ರದಲ್ಲಿ ಉರಿಯುವ ಮನೆಯೊಳಗೆ ಬೇಯುತ್ತಾಳೆ. ಕಾದಂಬರಿಯಲ್ಲಿ ಅವಳು ಪೆಟ್ಟಿಗೆ ಕಟ್ಟಿಕೊಂಡು ಎಲ್ಲೋ ಹೊರಟುಹೋಗುತ್ತಾಳೆ. ಬೆಂಕಿ ಇಟ್ಟವರು ಯಾರೆಂದು ಲೇಖಕಿ ಬಾಯಿಬಿಟ್ಟು ಹೇಳುವುದೇ ಇಲ್ಲ. ಆ ಮೌನವೇ ನನಗೆ ಹೆಚ್ಚು ಇಷ್ಟ.

ಈಗ ಗುಂಡಿನ ಮಾತಿಗೆ ಬರೋಣ. 2020ರಲ್ಲಿ ಮ್ಯಾಕ್ಸಿಮ್ ಗುಂಡಿಕ್ಕಿಯೇ ಕೊಲ್ಲುತ್ತಾನೆ. ಎಂಬತ್ತು ವರ್ಷ ಬಾಕಿಯಿದ್ದ ಸಾಲ ತೀರಿತು ಎಂದು ನಾನು ಸೋಫಾದಲ್ಲಿ ನೆಟ್ಟಗೆ ಕೂತೆ. ಮುಂದಿನ ಅರ್ಧ ಗಂಟೆಯಲ್ಲಿ ಚಿತ್ರ ಆ ಗುಂಡಿನಿಂದ ದೂರ ಓಡಿಹೋಗುತ್ತದೆ. ಮ್ಯಾಕ್ಸಿಮ್‌ನನ್ನು ಪೊಲೀಸರು ಹಿಡಿದಿಡುತ್ತಾರೆ, ನಾಯಕಿ ತಾನೇ ಲಂಡನ್ನಿಗೆ ಹೋಗಿ, ರೆಬೆಕಾ ತೋರಿಸಿಕೊಂಡಿದ್ದ ವೈದ್ಯರ ಕೋಣೆಗೆ ನುಗ್ಗಿ ಕಡತಗಳಲ್ಲಿ ಹುಡುಕಾಡುತ್ತಾಳೆ. ರೆಬೆಕಾ ಬಸಿರಾಗಿರಲಿಲ್ಲ, ಗುಣವಾಗದ ಕ್ಯಾನ್ಸರ್ ಆಗಿತ್ತು ಎಂಬ ಸತ್ಯ ಹೊರಬೀಳುತ್ತದೆ, ಗಂಡ ಪಾರಾಗುತ್ತಾನೆ. ಅಂಜುಬುರುಕಿಯಾಗಿದ್ದವಳು ಪತ್ತೇದಾರಳಾದಳು. ಇಂದಿನ ಹೆಣ್ಣುಮಕ್ಕಳಿಗೆ ಒಪ್ಪುವಂಥ ನಾಯಕಿ ಬೇಕು ಎಂಬ ಒಳ್ಳೆಯ ಉದ್ದೇಶ ಇದರ ಹಿಂದಿದೆ ಎಂಬುದು ನನಗೆ ಗೊತ್ತು. ಆದರೆ ಅವಳ ಧೈರ್ಯವೆಲ್ಲ ಖರ್ಚಾಗುತ್ತಿರುವುದು ಯಾತಕ್ಕೆ? ಹೆಂಡತಿಯನ್ನು ಕೊಂದ ಒಬ್ಬ ಶ್ರೀಮಂತನನ್ನು ಬಿಡಿಸಲು. ಚಿತ್ರ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ. ಅವಳು ಓಡಾಡುತ್ತಿರುವ ರಭಸಕ್ಕೆ ನಾವು ಚಪ್ಪಾಳೆ ತಟ್ಟಬೇಕೆಂದು ಬಯಸುತ್ತದೆ. ಕಾದಂಬರಿಯ ನಾಯಕಿ ಏನನ್ನೂ ಪತ್ತೆಹಚ್ಚುವುದಿಲ್ಲ, ಗಂಡನ ಪಕ್ಕ ಕಾರಿನಲ್ಲಿ ಕೂತು ಲಂಡನ್ನಿಗೆ ಹೋಗಿ ಬರುತ್ತಾಳೆ ಅಷ್ಟೇ. ಸುಮ್ಮನೆ ಕೂತೇ ಅವಳು ಕೊಲೆಗೆ ಒಪ್ಪಿಗೆ ಕೊಟ್ಟಿರುತ್ತಾಳೆ. ಅದು ಹೆಚ್ಚು ಭಯಂಕರ, ಹೆಚ್ಚು ನಿಜ.

ರೆಬೆಕಾ ಕೆಟ್ಟವಳು ಎಂದು ನಮಗೆ ಹೇಳಿದವರು ಯಾರು ಎಂಬುದನ್ನೂ ಒಮ್ಮೆ ಯೋಚಿಸಬೇಕು. ಮುಖ್ಯವಾಗಿ ಅವಳನ್ನು ಕೊಂದವನು. ಅವನ ಮಾತನ್ನು ನಂಬಲು ಕಾತರದಿಂದ ಕಾದಿದ್ದವಳು ನಮಗೆ ಅದನ್ನು ದಾಟಿಸಿದ್ದಾಳೆ. ರೆಬೆಕಾಳ ಬಾಯಿಂದ ಒಂದೇ ಒಂದು ಮಾತೂ ನೇರವಾಗಿ ನಮಗೆ ಸಿಕ್ಕಿಲ್ಲ. ಆ ಜಿಲ್ಲೆಯ ಮ್ಯಾಜಿಸ್ಟ್ರೇಟ್ ಕರ್ನಲ್ ಜೂಲಿಯನ್ ಮ್ಯಾಂಡರ್ಲಿಯಲ್ಲಿ ಊಟ ಮಾಡುವ ಗೆಳೆಯ. ಕಾದಂಬರಿಯನ್ನು ಗಮನವಿಟ್ಟು ಓದಿದರೆ, ಸತ್ಯ ಅವನಿಗೆ ಹೊಳೆದಿತ್ತು, ಹೊಳೆದೂ ಸುಮ್ಮನಾದ ಎಂದೇ ಅನಿಸುತ್ತದೆ. ಕೊಲೆಯಾಗಿದೆ ಎಂದು ಕೂಗಾಡುವವನು ರೆಬೆಕಾಳ ಸೋದರಸಂಬಂಧಿ ಫ್ಯಾವೆಲ್, ಕುಡುಕ, ಹಣ ಕೀಳಲು ಬಂದವನು. ಅವನು ಹೇಳಿದ್ದೇ ನಿಜ. ದೊಡ್ಡಮನೆಯವರು ಸೇರಿ ಆ ನಿಜವನ್ನು ಬಾಗಿಲಾಚೆ ಹಾಕುತ್ತಾರೆ. ಇಂದು ಈ ಕಥೆಯನ್ನು ಮತ್ತೆ ಹೇಳುವವರಿಗೆ ಇದಕ್ಕಿಂತ ಫಲವತ್ತಾದ ನೆಲ ಬೇಕೇ? 1940ರ ಚಿತ್ರಕ್ಕೆ ಇಲ್ಲಿ ಕಾಲಿಡಲು ಅನುಮತಿ ಇರಲಿಲ್ಲ. 2020ರ ಚಿತ್ರವನ್ನು ಯಾರೂ ತಡೆದಿರಲಿಲ್ಲ, ಅದು ತಾನಾಗಿಯೇ ಕಾಲಿಡಲಿಲ್ಲ.

ಟೀವಿಯಲ್ಲಿಯೂ ‘ರೆಬೆಕಾ’ ಹಲವು ಸಲ ಬಂದಿದೆ. 1979ರ ಬಿಬಿಸಿ ಧಾರಾವಾಹಿಯಲ್ಲಿ ಜೊಆನಾ ಡೇವಿಡ್ ನಾಯಕಿಯಾಗಿದ್ದರೆ, 1997ರಲ್ಲಿ ಅವರ ಮಗಳು ಎಮಿಲಿಯಾ ಫಾಕ್ಸ್ ಅದೇ ಪಾತ್ರ ಮಾಡಿದರು. ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, 1964ರ ಹಿಂದಿ ಚಿತ್ರ ‘ಕೊಹ್ರಾ’ವನ್ನು ನೆನೆಯಲೇಬೇಕು. ಬಿರೇನ್ ನಾಗ್ ನಿರ್ದೇಶನ, ಹೇಮಂತ್ ಕುಮಾರ್ ನಿರ್ಮಾಣ ಮತ್ತು ಸಂಗೀತ. ಬಿಸ್ವಜಿತ್ ಗಂಡ, ವಹೀದಾ ರೆಹಮಾನ್ ಎರಡನೇ ಹೆಂಡತಿ, ಡ್ಯಾನ್ವರ್ಸ್ ಜಾಗದಲ್ಲಿ ಲಲಿತಾ ಪವಾರ್. ರೇಡಿಯೊದಲ್ಲಿ ಅದರ ಹಾಡು ಕೇಳಿ ಬೆಳೆದ ಕನ್ನಡಿಗರು ಬಹಳ ಮಂದಿ, ಅದರ ಹಿಂದೆ ಡು ಮೊರಿಯೆ ಇದ್ದಾರೆಂಬುದು ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ‘ಕೊಹ್ರಾ’ ಕಾದಂಬರಿಗೆ ನಿಷ್ಠವಾಗಿಲ್ಲ, ನಿಷ್ಠವಾಗುವ ಹಟವೂ ಅದಕ್ಕಿಲ್ಲ. ಆದರೆ ವಹೀದಾ ಆ ಮನೆಯ ಮೆಟ್ಟಿಲ ಮೇಲೆ ನಿಂತು ಮೇಲೆ ನೋಡುವಾಗ ಅವರ ಕಣ್ಣಲ್ಲಿರುವ ದಿಗಿಲು ಅಪ್ಪಟ. ಲಲಿತಾ ಪವಾರ್ ಅವರ ಒಂದು ನೋಟಕ್ಕೆ ಇಡೀ ಮನೆ ತಣ್ಣಗಾಗುತ್ತದೆ. ಹೊಸ ಇಂಗ್ಲಿಷ್ ಚಿತ್ರಕ್ಕಿಂತ ಈ ಹಳೆಯ ಹಿಂದಿ ಚಿತ್ರ ನನ್ನಲ್ಲಿ ಹೆಚ್ಚು ಹೊತ್ತು ಉಳಿದಿದೆ.

ಮುಕ್ತಾಯದಲ್ಲಿ ಎರಡೂ ಚಿತ್ರಗಳು ಕಾದಂಬರಿಯಿಂದ ದೂರ ಸರಿಯುತ್ತವೆ. ಹಿಚ್‌ಕಾಕ್ ಚಿತ್ರ ಉರಿಯುವ ಮನೆಯ ಮುಂದೆ ಗಂಡಹೆಂಡತಿಯನ್ನು ಸೇರಿಸಿ, ಆಮೇಲೆ ಒಳಗೆ ಹೋಗಿ ರೆಬೆಕಾಳ ದಿಂಬಿನ ಮೇಲಿನ ಕಸೂತಿ ಅಕ್ಷರವನ್ನು ಸುಡುತ್ತದೆ. ಹೊಗೆಯೇ ಆಕಾಶದಲ್ಲಿ ಆ ಅಕ್ಷರವಾಗಬೇಕು ಎಂದು ಸೆಲ್ಜ್ನಿಕ್ ಬಯಸಿದ್ದರಂತೆ, ಪುಣ್ಯಕ್ಕೆ ಅದು ತಪ್ಪಿತು. ವೀಟ್ಲಿಯ ಚಿತ್ರ ದಂಪತಿಯನ್ನು ಕೈರೊ ನಗರದ ಹೋಟೆಲಿಗೆ ಕಳಿಸುತ್ತದೆ. ಬಿಸಿಲು, ಹಾಸಿಗೆ, ಅಪ್ಪುಗೆ. ಬೆಂಕಿ ದಾಟಿ ಬಂದದ್ದು ಪ್ರೀತಿಗಾಗಿ ಎಂಬರ್ಥದ ಮಾತು ಹೇಳಿ, ಲಿಲಿ ಜೇಮ್ಸ್ ಕ್ಯಾಮೆರಾವನ್ನು ನೇರ ನೋಡುತ್ತಾರೆ. ಊರಿನ ಹಂಬಲದಲ್ಲಿ ಬೇಯುತ್ತ ಡು ಮೊರಿಯೆ ಈ ಕಾದಂಬರಿ ಶುರು ಮಾಡಿದ ದೇಶಕ್ಕೇ ಈ ಜೋಡಿಯನ್ನು ಸುಖಪಡಲು ಕಳಿಸಿರುವುದು ಕಾಕತಾಳೀಯವೇ ಇರಬಹುದು, ನನಗಂತೂ ನೋವಾಯಿತು.

ಯಾಕೆಂದರೆ ಈ ಹೋಟೆಲು ಕಾದಂಬರಿಯಲ್ಲೂ ಇದೆ, ಕೊನೆಯಲ್ಲಲ್ಲ, ಮೊದಲಲ್ಲೇ. ಮ್ಯಾಂಡರ್ಲಿಯ ಕನಸು ಕಂಡು ಎದ್ದವಳು ಇರುವುದು ಪರದೇಶದ ಸಾಧಾರಣ ಹೋಟೆಲೊಂದರಲ್ಲಿ. ಕೊಲೆ ದಕ್ಕಿದೆ, ಮದುವೆ ಉಳಿದಿದೆ, ಮನೆ ಸುಟ್ಟುಹೋಗಿದೆ. ಗಂಡಹೆಂಡತಿ ಊರಿಗೆ ಮರಳುವಂತಿಲ್ಲ, ಹಳೆಯದರ ಮಾತೆತ್ತುವಂತಿಲ್ಲ. ದಿನಗಟ್ಟಲೆ ತಡವಾಗಿ ಬರುವ ಇಂಗ್ಲ್ಯಾಂಡಿನ ಪತ್ರಿಕೆಗಳಿಂದ ಅವಳು ಅವನಿಗೆ ಕ್ರಿಕೆಟ್ ಸ್ಕೋರು ಓದಿ ಹೇಳುತ್ತಾಳೆ. ಅವನ ಮುಖ ಕಳೆಗುಂದಿದಾಗ ಬೇಗ ಬೇರೆ ಸುದ್ದಿಗೆ ತಿರುಗುತ್ತಾಳೆ. ಗಂಡನನ್ನು ನೋಡಿಕೊಳ್ಳುವುದೇ ಈಗ ಅವಳ ಕೆಲಸ, ಹಿಂದೆ ಆ ಅಮೆರಿಕನ್ ಹೆಂಗಸನ್ನು ನೋಡಿಕೊಂಡಂತೆ. ಡು ಮೊರಿಯೆ ಈ ಭಾಗವನ್ನು ಮೊದಲು ಕೊನೆಯ ಅಧ್ಯಾಯವಾಗಿ ಬರೆದಿದ್ದರು. ಅದರಲ್ಲಿ ಗಂಡ ಕಾರು ಅಪಘಾತದಲ್ಲಿ ಅಂಗವಿಕಲನಾಗಿರುತ್ತಾನೆ, ಅವನ ಹೆಸರೂ ಆಗ ಹೆನ್ರಿ ಎಂದಿತ್ತು. ಆಮೇಲೆ ಅಪಘಾತವನ್ನು ಕೈಬಿಟ್ಟು, ಉಳಿದದ್ದರ ಬಹುಪಾಲನ್ನು ಪುಸ್ತಕದ ಆರಂಭಕ್ಕೆ ತಂದರು. ಆ ಮೊದಲ ಕರಡು ‘ದಿ ರೆಬೆಕಾ ನೋಟ್‌ಬುಕ್’ ಎಂಬ ಹೆಸರಿನಲ್ಲಿ 1981ರಲ್ಲೇ ಅಚ್ಚಾಗಿದೆ, ಯಾವ ಚಿತ್ರಕಥೆಗಾರರಿಗೂ ಸಿಗುವಂಥದ್ದು. ಮುಂದೆ ಯಾರಾದರೂ ‘ರೆಬೆಕಾ’ವನ್ನು ಮತ್ತೊಮ್ಮೆ ತೆಗೆಯುವ ಮನಸ್ಸು ಮಾಡಿದರೆ, ಮ್ಯಾಂಡರ್ಲಿಗಾಗಿ ಬಂಗಲೆ ಹುಡುಕುವುದಕ್ಕೆ ಮುಂಚೆ ಈ ಕರಡನ್ನು ಓದಲಿ, ಆ ಹೋಟೆಲಿನಲ್ಲಿ ಇವರಿಬ್ಬರು ಕಳೆಯುವ ಒಂದು ಇಡೀ ದಿನವನ್ನು ಚಿತ್ರಿಸಲಿ.